ಏಕರೂಪ ಸಾಂದ್ರತೆಯ ಪ್ರಿಸಂನ ಗುರುತ್ವ ಲೆಕ್ಕ: ಕೆಲವೇ ಬಿಂದುಗಳಲ್ಲಿ ಉತ್ತರ ತಪ್ಪುತ್ತಿರುವುದೇಕೆ?

ಪ್ರಶ್ನೆ — ಭೂಭೌತ_ವಿದ್ಯಾರ್ಥಿ

ಮಾನ್ಯರೇ,

ಬಾಬಾಬುಡನ್ ಗಿರಿಶ್ರೇಣಿಯ ಸುತ್ತಮುತ್ತ ಅಳೆದ ಗುರುತ್ವ ಮಾಹಿತಿಗೆ ಭೂರೂಪದ ತಿದ್ದುಪಡಿ (ಬೆಟ್ಟಕಣಿವೆಗಳ ಸೆಳೆತವನ್ನು ಲೆಕ್ಕಹಾಕಿ ಕಳೆಯುವುದು) ಮಾಡುತ್ತಿದ್ದೇನೆ. ಎಸ್‌ಆರ್‌ಟಿಎಂ (ಬಾಹ್ಯಾಕಾಶದಿಂದ ರೇಡಾರ್ ಮೂಲಕ ಅಳೆದ) ಎತ್ತರ ಮಾಹಿತಿಯ ಸುಮಾರು 30 ಮೀಟರಿನ ಪ್ರತಿ ಚೌಕವನ್ನೂ ಸಮುದ್ರಮಟ್ಟದಿಂದ ನೆಲದವರೆಗೆ ನೆಟ್ಟಗೆ ನಿಂತ ಒಂದು ಆಯತಾಕಾರದ ಪ್ರಿಸಂ (ಕಂಬ) ಎಂದು ಭಾವಿಸಿ, ಎಲ್ಲಕ್ಕೂ ಘನ ಸೆಂಟಿಮೀಟರಿಗೆ 2.67 ಗ್ರಾಂ ಸಾಂದ್ರತೆ ಕೊಟ್ಟು, ಒಂದೊಂದರ ಲಂಬ ಸೆಳೆತವನ್ನೂ ಕೂಡುತ್ತಾ ಹೋಗುವುದು ನನ್ನ ವಿಧಾನ. ಅಳತೆ ಬಿಂದುವನ್ನೇ ಮೂಲಬಿಂದುವಾಗಿ, ಝಡ್ ಅಕ್ಷವನ್ನು ಕೆಳಮುಖವಾಗಿ ಇಟ್ಟುಕೊಂಡು, ಪ್ರಿಸಂನ ಎಂಟು ಮೂಲೆಗಳಲ್ಲೂ

ಝಡ್ × ಆರ್ಕ್‌ಟ್ಯಾನ್[(ಎಕ್ಸ್ × ವೈ) ÷ (ಝಡ್ × ಆರ್)] − ಎಕ್ಸ್ × ಲಾಗ್(ವೈ + ಆರ್) − ವೈ × ಲಾಗ್(ಎಕ್ಸ್ + ಆರ್)

ಎಂಬ ಬೆಲೆಯನ್ನು ಕಂಡುಹಿಡಿದು, ಮೂಲೆಗಳ ಚಿಹ್ನೆಗಳನ್ನು ಪರ್ಯಾಯವಾಗಿ ಬದಲಿಸುತ್ತಾ ಕೂಡಿ, ಗುರುತ್ವ ಸ್ಥಿರಾಂಕ ಮತ್ತು ಸಾಂದ್ರತೆಯಿಂದ ಗುಣಿಸುತ್ತೇನೆ. ಇಲ್ಲಿ ಆರ್ ಎಂದರೆ ಬಿಂದುವಿನಿಂದ ಆ ಮೂಲೆಗಿರುವ ದೂರ. 1966ರಲ್ಲಿ ನಾಗಿ ಪ್ರಕಟಿಸಿದ ಸೂತ್ರವೇ ಇದು. ಪೈಥಾನಿನಲ್ಲಿ ನಾನೇ ಬರೆದುಕೊಂಡಿದ್ದೇನೆ. ಝಡ್ ಸೊನ್ನೆಯಾದಾಗ ಭಾಗಾಕಾರ ಮುರಿಯಬಾರದೆಂದು ಸಾಮಾನ್ಯ ಆರ್ಕ್‌ಟ್ಯಾನ್ ಬದಲು ಎರಡು ಬೆಲೆಗಳನ್ನು ಬೇರೆಬೇರೆಯಾಗಿ ಪಡೆಯುವ ಎಟ್ಯಾನ್2 ಬಳಸಿದ್ದೇನೆ.

ಬಹುತೇಕ ಬಿಂದುಗಳಲ್ಲಿ ನನ್ನ ಉತ್ತರವೂ ಸಿದ್ಧ ತಂತ್ರಾಂಶದ ಉತ್ತರವೂ ಮಿಲಿಗ್ಯಾಲಿನ (ಗುರುತ್ವವನ್ನು ಅಳೆಯುವ ಚಿಕ್ಕ ಏಕಮಾನದ) ಸಾವಿರದ ಒಂದು ಭಾಗದವರೆಗೆ ಹೊಂದುತ್ತವೆ. ಆದರೆ ಕಡಿದಾದ ಇಳಿಜಾರಿನ ಕೆಲವು ಬಿಂದುಗಳಲ್ಲಿ ನನ್ನ ಬೆಲೆ ವಿನಾಕಾರಣ ಹೆಚ್ಚಾಗಿ ಬರುತ್ತದೆ. ಉದಾಹರಣೆಗೆ, ಒಂದು ಬಿಂದುವಿನ ಅಳೆದ ಎತ್ತರ 1312.4 ಮೀಟರ್, ಅದು ಬೀಳುವ ಚೌಕದ ಎತ್ತರ 1315.0 ಮೀಟರ್, ಅಲ್ಲಿ ವ್ಯತ್ಯಾಸ 0.58 ಮಿಲಿಗ್ಯಾಲ್. ಇನ್ನೊಂದು ತೊಡಕೆಂದರೆ, ಪರೀಕ್ಷೆಗೆಂದು ಬಿಂದುವನ್ನು ಚೌಕದ ಮೂಲೆಗೇ ಸರಿಯಾಗಿ ಇಟ್ಟಾಗ ಸಂಖ್ಯೆಯ ಬದಲು ನ್ಯಾನ್ (‘ಇದು ಸಂಖ್ಯೆಯಲ್ಲ’ ಎಂಬ ಸಂಕೇತ) ಬರುತ್ತದೆ. ಮೂರನೆಯದಾಗಿ, 20 ಕಿಲೋಮೀಟರ್ ಆಚೆಯ ಬಯಲಿನ ಚೌಕಗಳು ಬೆಟ್ಟದ ಮೇಲಿನ ಬಿಂದುವನ್ನು ಕೆಳಕ್ಕೇ ಸೆಳೆಯಬೇಕಾಗಿದ್ದರೂ ಅವುಗಳ ಕೊಡುಗೆ ಒಮ್ಮೆ ಧನ, ಒಮ್ಮೆ ಋಣ ಎಂದು ಕುಣಿಯುತ್ತದೆ. ನೆನಪಿನ ಜಾಗ ಉಳಿಸಲು ಎಲ್ಲವನ್ನೂ 32 ಬಿಟ್ ದಶಮಾಂಶಗಳಲ್ಲಿ ಇಟ್ಟಿದ್ದೇನೆ.

ಸೂತ್ರದಲ್ಲೇ ದೋಷವಿದೆಯೇ, ನಾನು ಬಳಸುವ ಕ್ರಮದಲ್ಲಿದೆಯೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ — ಲಂಬರೇಖೆ

ಸೂತ್ರ ಸರಿಯಾಗಿದೆ, ಬಿಂದು ಪ್ರಿಸಂನ ಹೊರಗಿದ್ದರೂ ಒಳಗಿದ್ದರೂ ಅದು ಸರಿಯಾದ ಉತ್ತರವನ್ನೇ ಕೊಡುತ್ತದೆ. ನಿಮ್ಮ ಮೊದಲ ತೊಡಕಿಗೆ ಕಾರಣ ನೀವು ರಕ್ಷಣೆಗೆಂದು ತಂದುಕೊಂಡ ಎಟ್ಯಾನ್2. ನೀವು ಕೊಟ್ಟ ಎರಡು ಎತ್ತರಗಳಿಂದಲೇ ಇದನ್ನು ತೋರಿಸಬಹುದು.

ಬಿಂದು 1312.4 ಮೀಟರಿನಲ್ಲಿದೆ, ಪ್ರಿಸಂನ ನೆತ್ತಿ 1315.0 ಮೀಟರಿನಲ್ಲಿದೆ. ಅಂದರೆ ನಿಮ್ಮ ಮಾದರಿಯಲ್ಲಿ ಅಳತೆ ಬಿಂದು ಬಂಡೆಯೊಳಗೆ 2.6 ಮೀಟರ್ ಹೂತುಹೋಗಿದೆ, ಮೇಲಿನ ಮುಖದ ಝಡ್ ಬೆಲೆ ಋಣ 2.6 ಆಗಿದೆ. ಸಾಮಾನ್ಯ ಆರ್ಕ್‌ಟ್ಯಾನ್ ಯಾವಾಗಲೂ ಋಣ 90 ಡಿಗ್ರಿಯಿಂದ ಧನ 90 ಡಿಗ್ರಿಯೊಳಗಿನ ಕೋನವನ್ನು ಕೊಡುತ್ತದೆ. ಎಟ್ಯಾನ್2 ಹಾಗಲ್ಲ; ಅದರ ಎರಡನೆಯ ಬೆಲೆ, ಇಲ್ಲಿ ಝಡ್ × ಆರ್, ಋಣವಾದ ಕೂಡಲೇ ಕೋನವನ್ನು 180 ಡಿಗ್ರಿ ಆಚೆಗೆ ಒಯ್ಯುತ್ತದೆ. ಒಂದೊಂದು ಮೂಲೆಯಲ್ಲೂ ಒಂದು ಪೈ ಹೆಚ್ಚಾಗುತ್ತದೆ ಅಥವಾ ಕಡಿಮೆಯಾಗುತ್ತದೆ. ಬಿಂದು ಪ್ರಿಸಂನ ನಕ್ಷೆಯ (ಮೇಲಿನಿಂದ ಕಾಣುವ ಚೌಕದ) ಹೊರಗಿದ್ದರೆ ನಾಲ್ಕು ಮೇಲ್ಮೂಲೆಗಳ ಈ ಪೈಗಳು ಚಿಹ್ನೆ ಬದಲಾವಣೆಯಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ, ಆದ್ದರಿಂದಲೇ ನೆರೆಯ ಚೌಕಗಳು ಎಷ್ಟೇ ಎತ್ತರವಿದ್ದರೂ ನಿಮಗೆ ತಪ್ಪು ಕಾಣಲಿಲ್ಲ. ಬಿಂದು ನಕ್ಷೆಯ ಒಳಗೇ ಬಿದ್ದಾಗ ಮಾತ್ರ ನಾಲ್ಕೂ ಒಂದೇ ದಿಕ್ಕಿಗೆ ಕೂಡಿಕೊಂಡು, ಒಟ್ಟು 4 ಪೈ × ಗುರುತ್ವ ಸ್ಥಿರಾಂಕ × ಸಾಂದ್ರತೆ × ಹೂತ ಆಳ ಎಂಬಷ್ಟು ಹೆಚ್ಚುವರಿ ಉಳಿಯುತ್ತದೆ. 2.67 ಸಾಂದ್ರತೆಗೆ ಇದು ಮೀಟರಿಗೆ 0.224 ಮಿಲಿಗ್ಯಾಲ್, ಅಂದರೆ ಬೂಗೇ ಚಪ್ಪಡಿಯ (ಎಲ್ಲ ಕಡೆಗೂ ಅನಂತವಾಗಿ ಹರಡಿದ ಸಮತಟ್ಟು ಬಂಡೆಪದರದ) 0.112ರ ಸರಿಯಾಗಿ ಎರಡರಷ್ಟು. 2.6ರಿಂದ ಗುಣಿಸಿದರೆ 0.58.

ಪರಿಹಾರ ಸರಳ: ಝಡ್ ಸೊನ್ನೆಯಾದರೆ ಆ ಪದವನ್ನೇ ಸೊನ್ನೆ ಎಂದು ಇಟ್ಟು, ಉಳಿದೆಲ್ಲ ಸಂದರ್ಭದಲ್ಲೂ ಭಾಗಿಸಿ ಸಾಮಾನ್ಯ ಆರ್ಕ್‌ಟ್ಯಾನ್ ಬಳಸಿ. ಪೈಥಾನಿನ ಹಾರ್ಮೋನಿಕಾದಂಥ ಗ್ರಂಥಾಲಯಗಳೂ ಇದೇ ಕಾರಣಕ್ಕೆ ಮಾರ್ಪಡಿಸಿದ ಆರ್ಕ್‌ಟ್ಯಾನನ್ನು ಬಳಸುತ್ತವೆ.

ಇಂಥ ಕ್ರಮವಿಧಿಯನ್ನು ಬರೆದವರು ಬೇರೆ ತಂತ್ರಾಂಶದೊಂದಿಗೆ ಹೋಲಿಸುವುದಕ್ಕೆ ಮುನ್ನ, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಅದಕ್ಕೆ ಕೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 200 ಮೀಟರ್ ಬದಿಯ ಒಂದು ಘನದ ನಟ್ಟನಡುವೆ ಬಿಂದುವನ್ನು ಇಡಿ. ಎಲ್ಲ ದಿಕ್ಕಿನ ಸೆಳೆತವೂ ಸಮನಾಗಿರುವುದರಿಂದ ಉತ್ತರ ಸೊನ್ನೆಯೇ ಆಗಬೇಕು. ನಿಮ್ಮ ಈಗಿನ ಕ್ರಮವಿಧಿ ಅಲ್ಲಿ 22.4 ಮಿಲಿಗ್ಯಾಲ್ ತೋರಿಸುತ್ತದೆ. 100 ಮೀಟರ್ ದಪ್ಪ, 200 ಕಿಲೋಮೀಟರ್ ಅಗಲದ ಪ್ರಿಸಂನ ನೆತ್ತಿಯ ಮಧ್ಯದಲ್ಲಿ ನಿಂತರೆ 11.19 ಬರಬೇಕು, ಅನಂತ ಚಪ್ಪಡಿಯ 11.20ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಇನ್ನೊಂದು: ಅದೇ 200 ಮೀಟರಿನ ಘನವನ್ನು ನೆತ್ತಿ 100 ಮೀಟರ್ ಆಳದಲ್ಲಿರುವಂತೆ ಹೂತು, ಸಾಂದ್ರತೆಯ ವ್ಯತ್ಯಾಸವನ್ನು 0.3 ಎಂದಿಟ್ಟು, ನೇರ ಮೇಲಿನಿಂದ ನೋಡಿದರೆ 0.3776 ಮಿಲಿಗ್ಯಾಲ್ ಸಿಗುತ್ತದೆ. ಅಷ್ಟೇ ದ್ರವ್ಯರಾಶಿಯ ಗೋಳ ಅದೇ ಕೇಂದ್ರದಲ್ಲಿದ್ದರೆ 0.4005. ದೂರ ಸರಿದಂತೆ ಈ ಎರಡೂ ಬೇಗನೆ ಹತ್ತಿರವಾಗುತ್ತವೆ. ಹತ್ತಿರವಾಗದಿದ್ದರೆ ಎಲ್ಲೋ ಒಂದು ಚಿಹ್ನೆ ತಪ್ಪಿದೆ ಎಂದೇ ತಿಳಿಯಬೇಕು.

ಉತ್ತರ — ದಶಮಾಂಶ

ಲಂಬರೇಖೆಯವರು ಮೊದಲನೆಯದನ್ನು ಬಿಡಿಸಿದ್ದಾರೆ. ಉಳಿದೆರಡು ತೊಡಕುಗಳು ಕಂಪ್ಯೂಟರಿನ ಅಂಕಗಣಿತಕ್ಕೆ ಸೇರಿದವು.

ನ್ಯಾನ್ ಬರುವುದು ಲಾಗ್ ಪದದಿಂದ. ಬಿಂದು ಪ್ರಿಸಂನ ಒಂದು ಅಂಚಿನ ನೇರದಲ್ಲೇ ಇದ್ದರೆ ಆ ಅಂಚಿಗೆ ಎಕ್ಸ್ ಮತ್ತು ಝಡ್ ಎರಡೂ ಸೊನ್ನೆ. ವೈ ಋಣವಾಗಿದ್ದರೆ ವೈ + ಆರ್ ಕೂಡ ಸೊನ್ನೆ. ಸೊನ್ನೆಯ ಲಾಗ್ ಋಣ ಅನಂತ, ಅದನ್ನು ಸೊನ್ನೆಯಾದ ಎಕ್ಸ್‌ನಿಂದ ಗುಣಿಸಿದರೆ ನ್ಯಾನ್. ಗಣಿತದ ಮಿತಿಯಲ್ಲಿ ಆ ಗುಣಲಬ್ಧ ಸೊನ್ನೆಯೇ ಆದ್ದರಿಂದ, ಎಕ್ಸ್ ಸೊನ್ನೆಯಾದಲ್ಲಿ ಇಡೀ ಪದವನ್ನು ಸೊನ್ನೆ ಎಂದು ಬರೆಯುವುದು ತಪ್ಪಲ್ಲ. ಇದಕ್ಕಿಂತ ಮೋಸದ ಸಂದರ್ಭವೆಂದರೆ ಬಿಂದು ಅಂಚಿನ ನೇರಕ್ಕೆ ತೀರ ಹತ್ತಿರವಿದ್ದು ಸರಿಯಾಗಿ ಅದರ ಮೇಲೆ ಇಲ್ಲದಿರುವುದು. ಆಗ ನ್ಯಾನ್ ಬರುವುದಿಲ್ಲ. ಹೆಚ್ಚುಕಡಿಮೆ ಸಮನಾದ ಎರಡು ಸಂಖ್ಯೆಗಳು ಕಳೆದುಹೋಗಿ, ಉಳಿದ ಅಂಕೆಗಳಲ್ಲಿ ಕಸವೇ ಹೆಚ್ಚಿರುವ ಒಂದು ಲಾಗ್ ಬರುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ವೈ ಋಣವಾಗಿದ್ದಾಗ ವೈ + ಆರ್ ಎಂಬುದರ ಬದಲು (ಎಕ್ಸ್ ವರ್ಗ + ಝಡ್ ವರ್ಗ) ÷ (ಆರ್ − ವೈ) ಎಂದು ಬರೆದರೆ ಬೆಲೆ ಅದೇ, ಆದರೆ ಕಳೆಯುವ ಪ್ರಸಂಗವೇ ಇರುವುದಿಲ್ಲ. ಎಕ್ಸ್ + ಆರ್ ಇರುವ ಪದಕ್ಕೂ ಇದೇ ಉಪಾಯ.

ದೂರದ ಚೌಕಗಳ ಕುಣಿತ ಇನ್ನೂ ಆಳವಾದದ್ದು. ಸೂತ್ರದ ಒಂದೊಂದು ಪದವೂ ದೂರದೊಂದಿಗೆ ದೊಡ್ಡದಾಗುತ್ತದೆ, ಆದರೆ ನಮಗೆ ಬೇಕಾದ ಉತ್ತರ ದೂರದ ವರ್ಗಕ್ಕೆ ವಿಲೋಮವಾಗಿ ಚಿಕ್ಕದಾಗುತ್ತದೆ. ಇಪ್ಪತ್ತನಾಲ್ಕು ದೊಡ್ಡ ಸಂಖ್ಯೆಗಳು ಒಂದನ್ನೊಂದು ನುಂಗಿ, ಕೊನೆಗೆ ಕಣದಷ್ಟು ಉತ್ತರ ಉಳಿಯಬೇಕು. ಹಾಗಾಗಿ ಸಾಪೇಕ್ಷ ದೋಷವು ದೂರವನ್ನು ವಸ್ತುವಿನ ಅಳತೆಯಿಂದ ಭಾಗಿಸಿದ ಸಂಖ್ಯೆಯ ಘನದಂತೆ ಬೆಳೆಯುತ್ತದೆ. 30 ಮೀಟರಿನ ಚೌಕ 20 ಕಿಲೋಮೀಟರ್ ದೂರದಲ್ಲಿದ್ದರೆ ಆ ಭಾಗಲಬ್ಧ ಸುಮಾರು 667, ಅದರ ಘನ ಸುಮಾರು 30 ಕೋಟಿ. 32 ಬಿಟ್ ದಶಮಾಂಶದ ಮೂಲ ದೋಷ ಸುಮಾರು 6 × 10⁻⁸. ಇವೆರಡನ್ನೂ ಗುಣಿಸಿದರೆ 18. ಅಂದರೆ ದೋಷವೇ ಉತ್ತರದ ಹದಿನೆಂಟು ಪಟ್ಟು, ಚಿಹ್ನೆಗೂ ಭರವಸೆಯಿಲ್ಲ. 64 ಬಿಟ್ ಬಳಸಿದರೆ ಅದೇ ಗುಣಾಕಾರ ಹತ್ತು ಕೋಟಿಯಲ್ಲಿ ಕೆಲವು ಭಾಗದಷ್ಟಕ್ಕೆ ಇಳಿಯುತ್ತದೆ. ಬಹುಫಲಕಗಳ (ಹಲವು ಚಪ್ಪಟೆ ಮುಖಗಳ ಘನವಸ್ತುಗಳ) ಸೂತ್ರಗಳಲ್ಲಿ ಈ ಬೆಳವಣಿಗೆಯನ್ನು 1996ರಲ್ಲಿ ಹೋಲ್‌ಸ್ಟೈನ್ ಮತ್ತು ಕೆಟೆರಿಜ್ ಸವಿವರವಾಗಿ ಪರಿಶೀಲಿಸಿದ್ದಾರೆ.

ನೆನಪಿನ ಜಾಗ ಉಳಿಸಲೇಬೇಕಾದರೆ ಎತ್ತರಗಳನ್ನು 32 ಬಿಟ್‌ನಲ್ಲಿ ಇಡಿ, ಲೆಕ್ಕವನ್ನು 64ರಲ್ಲಿ ಮಾಡಿ. ಯುಟಿಎಂ (ಮೀಟರುಗಳಲ್ಲಿ ಸ್ಥಾನ ಹೇಳುವ ನಕ್ಷಾ ಪದ್ಧತಿಯ) ನಿರ್ದೇಶಾಂಕಗಳನ್ನಂತೂ 32 ಬಿಟ್‌ನಲ್ಲಿ ಇಡಲೇಬೇಡಿ. ನಿಮ್ಮ ಪ್ರದೇಶದ ಉತ್ತರಾಂಕ (ಸಮಭಾಜಕದಿಂದ ಉತ್ತರಕ್ಕಿರುವ ದೂರ) 15 ಲಕ್ಷ ಮೀಟರಿನ ಆಸುಪಾಸಿನಲ್ಲಿದೆ. ಆ ಗಾತ್ರದ ಸಂಖ್ಯೆಗೆ 32 ಬಿಟ್ ದಶಮಾಂಶ ಎಂಟನೇ ಒಂದು ಮೀಟರಿಗಿಂತ ಸೂಕ್ಷ್ಮವಾದ ಮೆಟ್ಟಿಲನ್ನೇ ಹೊಂದಿಲ್ಲ.

ಅಷ್ಟಕ್ಕೂ ದೂರದ ಚೌಕಗಳಿಗೆ ಈ ಪೂರ್ಣ ಸೂತ್ರ ಬೇಕೇ? ರೂಢಿಯ 166.7 ಕಿಲೋಮೀಟರ್ ತ್ರಿಜ್ಯದವರೆಗೂ 30 ಮೀಟರಿನ ಚೌಕಗಳನ್ನೇ ಇಟ್ಟರೆ ಒಂದೊಂದು ಬಿಂದುವಿಗೂ 9 ಕೋಟಿಗೂ ಹೆಚ್ಚು ಪ್ರಿಸಂಗಳಾಗುತ್ತವೆ. ಕೆಲವು ಕಿಲೋಮೀಟರ್ ಆಚೆ ಚೌಕಗಳನ್ನು ಒಟ್ಟುಗೂಡಿಸಿ ದೊಡ್ಡದು ಮಾಡಿ. ಇನ್ನೂ ಆಚೆ, ಇಡೀ ಕಂಬದ ದ್ರವ್ಯರಾಶಿಯನ್ನು ಅದರ ನಡುವಿನ ಲಂಬರೇಖೆಯ ಮೇಲೆ ಕೂಡಿಸಿದಂತೆ ಭಾವಿಸುವ ಸೂತ್ರ ಸಾಕು, ಅದರಲ್ಲಿ ಎರಡು ವರ್ಗಮೂಲಗಳ ಹೊರತು ಬೇರೇನೂ ಇಲ್ಲ. ಆದರೆ ಅಷ್ಟು ದೂರ ಹೋಗುವುದಾದರೆ ಭೂಮಿಯ ದುಂಡುತನವನ್ನು ಮರೆಯುವಂತಿಲ್ಲ. 166.7 ಕಿಲೋಮೀಟರ್ ದೂರದಲ್ಲಿ ಸಮುದ್ರಮಟ್ಟ ನಿಮ್ಮ ಸಮತಲಕ್ಕಿಂತ ಸುಮಾರು 2.2 ಕಿಲೋಮೀಟರ್ ಕೆಳಗಿರುತ್ತದೆ, ಅದು ಮುಳ್ಳಯ್ಯನಗಿರಿಯ ಎತ್ತರಕ್ಕಿಂತ ಹೆಚ್ಚು.

ಮರುಪ್ರಶ್ನೆ — ಭೂಭೌತ_ವಿದ್ಯಾರ್ಥಿ

ಇಬ್ಬರಿಗೂ ಧನ್ಯವಾದಗಳು. ಆರ್ಕ್‌ಟ್ಯಾನ್ ಬದಲಿಸಿ, 64 ಬಿಟ್‌ಗೆ ಹೋದ ಮೇಲೆ ಘನದ ನಡುವೆ ಸೊನ್ನೆ ಬರುತ್ತಿದೆ, ದೂರದ ಚೌಕಗಳೂ ನೆಟ್ಟಗಾಗಿವೆ. ಮುಂದಿನ ಹಂತದಲ್ಲಿ, ನೆಲದಡಿಯ ಶಿಸ್ಟ್ (ಪದರಪದರವಾದ ರೂಪಾಂತರ ಶಿಲೆ) ಪಟ್ಟಿಯನ್ನು ಒಂದು ಘನವಸ್ತುವಾಗಿ ಮಾದರಿ ಮಾಡಬೇಕಾಗಿದೆ. ಅದರ ಮೇಲ್ಮೈಯನ್ನು ತ್ರಿಕೋನಗಳಿಂದ ಮುಚ್ಚಿ ಬಹುಫಲಕವಾಗಿಸುವುದು ಒಳ್ಳೆಯದೇ, ಅಥವಾ ಸಾವಿರಾರು ಚಿಕ್ಕ ಪ್ರಿಸಂಗಳಾಗಿ ಒಡೆಯುವುದೇ? ಬಹುಫಲಕದ ಸೂತ್ರಗಳು ಪ್ರಬಂಧದಿಂದ ಪ್ರಬಂಧಕ್ಕೆ ಬೇರೆಬೇರೆಯಾಗಿ ಕಾಣುವುದರಿಂದ ಯಾವುದನ್ನು ನಂಬಬೇಕೆಂದು ತಿಳಿಯುತ್ತಿಲ್ಲ.

ಉತ್ತರ — ಘನಕೋನ

ಸೂತ್ರಗಳು ಬೇರೆ ಕಂಡರೂ ಅವುಗಳ ಬೇರು ಒಂದೇ: ಸಾಂದ್ರತೆ ಏಕರೂಪವಾಗಿದ್ದರೆ ಒಳಗಿನ ಘನಫಲದ ಮೇಲಿನ ಸಂಕಲನವನ್ನು ಮೇಲ್ಮೈಗೆ, ಮೇಲ್ಮೈಯಿಂದ ಅಂಚುಗಳಿಗೆ ಇಳಿಸಬಹುದು. ಇದು ಹೇಗೆ ಸಾಧ್ಯ ಎಂಬುದನ್ನು ಸೂತ್ರವಿಲ್ಲದೆಯೇ ನೋಡಬಹುದು. ಅಳತೆ ಬಿಂದುವಿನಿಂದ ಒಂದು ದಿಕ್ಕಿಗೆ ತೀರ ಕಿರಿದಾದ ಶಂಕುವನ್ನು ಎಳೆಯಿರಿ. ಶಂಕುವಿನೊಳಗೆ ದೂರ ಹೋದಂತೆ ಅದರ ಅಡ್ಡಕೊಯ್ತ ದೂರದ ವರ್ಗದಂತೆ ಹಿಗ್ಗುತ್ತದೆ, ಗುರುತ್ವ ಅದೇ ವರ್ಗದಂತೆ ಕುಗ್ಗುತ್ತದೆ; ಎರಡೂ ಒಂದನ್ನೊಂದು ಸರಿದೂಗಿಸುತ್ತವೆ. ಆದ್ದರಿಂದ ಆ ದಿಕ್ಕಿನ ಸೆಳೆತಕ್ಕೆ ಲೆಕ್ಕವಾಗುವುದು ಆ ಗೆರೆ ಬಂಡೆಯೊಳಗೆ ಎಷ್ಟು ಉದ್ದ ಸಾಗಿತು ಎಂಬುದೊಂದೇ, ಅಂದರೆ ಗೆರೆ ಹೊರಬಂದ ಮುಖದ ದೂರದಿಂದ ಒಳಹೊಕ್ಕ ಮುಖದ ದೂರವನ್ನು ಕಳೆದರೆ ಉಳಿಯುವಷ್ಟು. ಮುಖಗಳ ಸ್ಥಾನ ಗೊತ್ತಿದ್ದರೆ ಸಾಕು, ಒಳಗಿನದನ್ನು ಕೆದಕಬೇಕಾಗಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಸಿಂಗ್ ಮತ್ತು ಗುಪ್ತಶರ್ಮ 2001ರಲ್ಲಿ ಪ್ರಕಟಿಸಿದ ವಿಧಾನ ಇದನ್ನೇ ಇನ್ನೊಂದು ರೂಪದಲ್ಲಿ ಹೇಳುತ್ತದೆ. ಘನವಸ್ತುವಿನ ಬದಲು ಅದರ ಮೇಲ್ಮೈಯ ಮೇಲಷ್ಟೇ ಒಂದು ಕಲ್ಪಿತ ದ್ರವ್ಯರಾಶಿಯನ್ನು ಹರಡಿ, ಅದರ ಪ್ರಮಾಣವನ್ನು ವಸ್ತುವಿನ ಸಾಂದ್ರತೆ ಮತ್ತು ಬಿಂದುವಿನಿಂದ ಆ ಮುಖದ ಸಮತಲಕ್ಕಿರುವ ಲಂಬದೂರದ ಗುಣಲಬ್ಧವೆಂದು ಇಟ್ಟುಕೊಂಡರೆ ಸಿಗುವ ಸೆಳೆತ ಅದೇ ಆಗಿರುತ್ತದೆ. ಲಂಬದೂರ ಒಂದು ಸಮತಲ ಮುಖದುದ್ದಕ್ಕೂ ಬದಲಾಗದ್ದರಿಂದ ಒಂದೊಂದು ಮುಖಕ್ಕೂ ಎರಡೇ ವಿಷಯ ಬೇಕು: ಬಿಂದುವಿನಿಂದ ಆ ಮುಖ ಕಾಣುವ ಘನಕೋನ (ನೋಟದಲ್ಲಿ ಅದು ಆವರಿಸುವ ಹರವು), ಮತ್ತು ಅದರ ಅಂಚುಗಳ ಉದ್ದಕ್ಕೂ ಬರುವ ಲಾಗ್ ಪದಗಳು. ನಿಮ್ಮ ಪ್ರಿಸಂ ಸೂತ್ರದ ಆರ್ಕ್‌ಟ್ಯಾನ್ ಕೂಡ ಮಾರುವೇಷದ ಘನಕೋನವೇ. ಹಾಗಾಗಿಯೇ ಅಲ್ಲಿ ಉಳಿದ ಹೆಚ್ಚುವರಿ ಸರಿಯಾಗಿ 4 ಪೈ ಆಗಿತ್ತು, ಒಂದು ಬಿಂದುವಿನ ಸುತ್ತಲಿನ ಪೂರ್ಣ ಘನಕೋನ.

ಯಾವ ಸೂತ್ರವನ್ನು ಆರಿಸಿದರೂ ಎಡವುವುದು ಸಾಮಾನ್ಯವಾಗಿ ತ್ರಿಕೋನಗಳ ಸುತ್ತುದಿಕ್ಕಿನಲ್ಲಿ. ಹೊರಗಿನಿಂದ ನೋಡಿದಾಗ ಎಲ್ಲ ತ್ರಿಕೋನಗಳ ಶೃಂಗಗಳೂ ಅಪ್ರದಕ್ಷಿಣವಾಗಿ ಬರೆದಿರಬೇಕು. ಒಂದೇ ತ್ರಿಕೋನ ತಿರುಗಿದ್ದರೂ ಉತ್ತರ ನಂಬುವಂತೆಯೇ ಕಾಣುತ್ತದೆ, ಆದರೆ ತಪ್ಪಾಗಿರುತ್ತದೆ. ಆದ್ದರಿಂದ ಗುರುತ್ವ ಲೆಕ್ಕಕ್ಕೆ ಮುನ್ನ ಎರಡು ಪರೀಕ್ಷೆ ಮಾಡಿ. ಪ್ರತಿ ಅಂಚೂ ಎರಡು ತ್ರಿಕೋನಗಳಲ್ಲಿ, ಒಂದರಲ್ಲಿ ಹೋಗುವ ದಿಕ್ಕಿಗೆ, ಇನ್ನೊಂದರಲ್ಲಿ ಬರುವ ದಿಕ್ಕಿಗೆ ಇರಬೇಕು. ಪ್ರತಿ ತ್ರಿಕೋನದ ಮೂರು ಶೃಂಗಗಳ ನಿರ್ಧಾರಕವನ್ನು 6ರಿಂದ ಭಾಗಿಸಿ ಕೂಡಿದರೆ ವಸ್ತುವಿನ ಘನಫಲ ಬರಬೇಕು. ಋಣ ಬಂದರೆ ಎಲ್ಲವೂ ತಿರುಗಿವೆ, ನಿರೀಕ್ಷೆಗಿಂತ ಕಡಿಮೆ ಬಂದರೆ ಕೆಲವು ತಿರುಗಿವೆ.

ಗೋಳದೊಂದಿಗೆ ಹೋಲಿಸುವಾಗ ಒಂದು ಎಚ್ಚರಿಕೆ. ಗೋಳದೊಳಗೆ ಕೂರಿಸಿದ 20 ಮುಖಗಳ ಬಹುಫಲಕದ ಘನಫಲ ಗೋಳದ ಶೇಕಡ 60.5 ಮಾತ್ರ. ಸೂತ್ರ ಕರಾರುವಾಕ್ಕಾಗಿದ್ದರೂ ಉತ್ತರ ಶೇಕಡ 40ರಷ್ಟು ಕಡಿಮೆ ಬರುತ್ತದೆ. ತ್ರಿಜ್ಯವನ್ನು ಹಿಗ್ಗಿಸಿ ಘನಫಲವನ್ನು ಸಮ ಮಾಡಿದ ಮೇಲೆಯೇ ಹೋಲಿಕೆಗೆ ಅರ್ಥ.

ಪ್ರಿಸಂಗಳಾಗಿ ಒಡೆಯುವುದರಲ್ಲಿ ತಪ್ಪಿಲ್ಲ, ಒಳಗೆ ಸಾಂದ್ರತೆ ಬದಲಾಗುವ ಮಾದರಿಗೆ ಅದೇ ಅನುಕೂಲ. ಏಕರೂಪದ ವಸ್ತುವಿಗೆ, ಅದರಲ್ಲೂ ಓರೆಯಾಗಿ ಇಳಿಯುವ ಬದಿಗಳಿದ್ದರೆ, ನಾನು ಬಹುಫಲಕವನ್ನೇ ಆರಿಸುತ್ತೇನೆ.

ಉತ್ತರ — ನೈಸ್_ಕಲ್ಲು

ಗಣಿತದ ಮಾತುಗಳೆಲ್ಲ ಒಪ್ಪಿಗೆಯೇ, ಆದರೆ ಎಲ್ಲಕ್ಕೂ ಮೂರು ಆಯಾಮದ ಬಹುಫಲಕ ಬೇಕೆಂಬ ಅಭ್ಯಾಸ ನನಗೆ ಅತಿಯೆನಿಸುತ್ತದೆ. ಭಾರತದಲ್ಲಿ ಹುಟ್ಟಿ ಅಮೆರಿಕದ ಭೂವಿಜ್ಞಾನ ಸಂಸ್ಥೆಯಾದ ಲ್ಯಾಮಾಂಟ್‌ನಲ್ಲಿ ಕೆಲಸ ಮಾಡಿದ ಮಾಣಿಕ್ ತಲ್ವಾನಿಯವರು 1959ರಲ್ಲಿ ವರ್ಜೆಲ್ ಮತ್ತು ಲ್ಯಾಂಡಿಸ್‌ಮನ್ ಜೊತೆಗೂಡಿ ಕೊಟ್ಟ ಎರಡು ಆಯಾಮದ ಬಹುಭುಜ ವಿಧಾನ, ಉದ್ದಕ್ಕೆ ಚಾಚಿದ ರಚನೆಗಳಿಗೆ ಇಂದಿಗೂ ಸಾಕು. ಶ್ರೀರಂಗಪಟ್ಟಣದ ಕಡೆಯಿಂದ ಗದಗದವರೆಗೆ ಚಾಚಿದ ಚಿತ್ರದುರ್ಗ ಶಿಸ್ಟ್ ಪಟ್ಟಿಗೆ ಅಡ್ಡಲಾಗಿ ಒಂದು ಸಾಲು ಅಳೆದಿದ್ದರೆ ನಾನು ಬೇರೇನನ್ನೂ ಯೋಚಿಸುತ್ತಿರಲಿಲ್ಲ. ನಿಮ್ಮದು ಬಾಬಾಬುಡನ್, ಕುದುರೆ ಲಾಳದಂತೆ ಬಾಗಿದ ಶ್ರೇಣಿ. ಅಲ್ಲಿ ಎರಡು ಆಯಾಮ ನಡೆಯುವುದಿಲ್ಲ, ಘನಕೋನ ಅವರ ಸಲಹೆಯೇ ಸರಿ.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ನಿಮ್ಮ 2.67. ಆ ಬೆಟ್ಟಗಳು ಗ್ರಾನೈಟಿನ ಗುಡ್ಡಗಳಲ್ಲ. ರೂಪಾಂತರಗೊಂಡ ಬಸಾಲ್ಟ್ 2.9ರಿಂದ 3.0ರವರೆಗೆ ತೂಗುತ್ತದೆ, ಕಬ್ಬಿಣದ ಪಟ್ಟೆಶಿಲೆ ಅದಕ್ಕಿಂತಲೂ ಭಾರ. ಸಾಂದ್ರತೆ ಕಾಲು ಗ್ರಾಂ ತಪ್ಪಿದರೂ ಪ್ರತಿ 100 ಮೀಟರ್ ದಪ್ಪದ ಚಪ್ಪಡಿಗೆ ಒಂದು ಮಿಲಿಗ್ಯಾಲಿಗಿಂತ ಸ್ವಲ್ಪ ಹೆಚ್ಚು ತಪ್ಪುತ್ತದೆ. ಚಿಕ್ಕಮಗಳೂರು ಪಟ್ಟಣದಿಂದ ಮುಳ್ಳಯ್ಯನಗಿರಿಯ ನೆತ್ತಿಗೆ 800 ಮೀಟರಿಗೂ ಹೆಚ್ಚು ಏರಿಕೆಯಿದೆ. ಮಿಲಿಗ್ಯಾಲಿನ ಸಾವಿರದ ಒಂದು ಭಾಗಕ್ಕೆ ಸೂತ್ರವನ್ನು ಹೊಂದಿಸಿ, ಇಲ್ಲಿ ಹಲವು ಮಿಲಿಗ್ಯಾಲ್ ಬಿಟ್ಟುಕೊಡುವುದು ಯಾವ ನ್ಯಾಯ? ಬೆಟ್ಟದ ಕಲ್ಲಿನ ತುಂಡುಗಳನ್ನು ತಂದು ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗಿ. ಹವೆಗೆ ಸವೆದ ಮೇಲ್ಪದರದ ತುಂಡು ತಂದರೆ ಬೆಲೆ ಕಡಿಮೆ ಬರುತ್ತದೆ, ರಸ್ತೆ ಕಡಿದಲ್ಲಿ ಸಿಗುವ ಹೊಸ ಕಲ್ಲು ಉತ್ತಮ.

ಬಿಂದುಗಳ ಎತ್ತರ ಜಿಪಿಎಸ್‌ನಿಂದ ಬಂದಿದ್ದರೆ ಅದು ದೀರ್ಘವೃತ್ತಜದಿಂದ (ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ಮೇಲ್ಮೈಯಿಂದ) ಅಳೆದದ್ದೇ, ಸಮುದ್ರಮಟ್ಟದಿಂದ ಅಳೆದದ್ದೇ ಎಂದು ಒಮ್ಮೆ ನೋಡಿಕೊಳ್ಳಿ. ದಕ್ಷಿಣ ಕರ್ನಾಟಕದಲ್ಲಿ ಇವೆರಡರ ನಡುವೆ 80 ಮೀಟರಿಗೂ ಹೆಚ್ಚು ಅಂತರವಿದೆ, ಎಸ್‌ಆರ್‌ಟಿಎಂ ಎತ್ತರಗಳಿರುವುದು ಸಮುದ್ರಮಟ್ಟದ ಲೆಕ್ಕದಲ್ಲಿ. ನಿಮ್ಮ 2.6 ಮೀಟರ್ ವ್ಯತ್ಯಾಸ ಚೌಕದ ಸರಾಸರಿಯಿಂದ ಬಂದದ್ದೆಂದು ತೋರುತ್ತದೆ, ಕಡಿದಾದ ಇಳಿಜಾರಿನಲ್ಲಿ 30 ಮೀಟರಿನ ಚೌಕಕ್ಕೆ ಅದು ಸಹಜ. ಆದರೂ ಬಿಂದುವನ್ನು ಬಂಡೆಯೊಳಗೆ ಹೂತು ಸರಿಯಾದ ಸೂತ್ರದಿಂದ ಲೆಕ್ಕ ಹಾಕಿದರೆ ಬರುವುದು ಆ ತಪ್ಪು ಮಾದರಿಯ ಸರಿಯಾದ ಉತ್ತರ. ಬಿಂದುವಿನ ಚೌಕವನ್ನೂ ಅದರ ನೆರೆಯ ಚೌಕಗಳನ್ನೂ ತೆಗೆದು, ಅಲ್ಲಿ ಬಿಂದುವಿನ ಅಳೆದ ಎತ್ತರದ ಮೂಲಕವೇ ಹಾಯುವ ಓರೆ ಮುಖಗಳನ್ನು ಇಡಿ.

ಉತ್ತರ — ದಶಮಾಂಶ

ನೈಸ್_ಕಲ್ಲು ಅವರ ಮಾತಿಗೆ ಒಂದು ಸೇರ್ಪಡೆ. ಭೂರೂಪದ ಲೆಕ್ಕದಲ್ಲಿ ಸಮುದ್ರಮಟ್ಟದಿಂದ ನೆಲದವರೆಗಿನ ಬಂಡೆಗೆ 2.67 ಕೊಟ್ಟು ಆಗಲೇ ಕಳೆದಿದ್ದರೆ, ಶಿಸ್ಟ್ ವಸ್ತುವಿನ ಬಹುಫಲಕಕ್ಕೆ ಪೂರ್ಣ 3.0 ಕೊಡಬಾರದು, ವ್ಯತ್ಯಾಸವಾದ 0.33 ಮಾತ್ರ ಕೊಡಬೇಕು. ಆ ವಸ್ತುವಿನ ಮೇಲ್ಮುಖ ಸಮುದ್ರಮಟ್ಟದಲ್ಲಿ ಚಪ್ಪಟೆಯಾಗಿ ನಿಲ್ಲದೆ ಬೆಟ್ಟದ ಮೇಲ್ಮೈಯನ್ನೇ ಅನುಸರಿಸಬೇಕು, ಮತ್ತು ಭೂರೂಪಕ್ಕೆ ಬಳಸಿದ ಎತ್ತರ ಮಾಹಿತಿಯನ್ನೇ ಇದಕ್ಕೂ ಬಳಸಬೇಕು. ಎರಡು ಬೇರೆ ಎತ್ತರ ಮಾಹಿತಿ ಬಳಸಿದರೆ ಅವುಗಳ ನಡುವಿನ ಸಂದು ನೆಲದ ಮೇಲೆಯೇ, ಅಂದರೆ ನಿಮ್ಮ ಬಿಂದುವಿಗೆ ಅತ್ಯಂತ ಹತ್ತಿರದಲ್ಲಿ, ಹುಸಿ ವೈಪರೀತ್ಯವನ್ನು ಹುಟ್ಟಿಸುತ್ತದೆ.